ಮಡಚಿ ಕಟ್ಟಿದ ಪೈಪು

ಸೋಮವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಏಳು ಗಂಟೆಗೆ, ಇಳಿಜಾರಿನ ತಿರುವಿನಲ್ಲಿ ಅವಳ ಗಂಡನ ಕಾರು ತಡೆಗೋಡೆಗೆ ಬಡಿದಿತ್ತು. ಇಪ್ಪತ್ತೈದು ವರ್ಷ ಹಳೆಯ, ಎರಡು ಬಾಗಿಲಿನ ಟರ್ಬೋ ಕಾರು. ಮೂರು ವರ್ಷಗಳಿಂದ ಅವನು ಭಾನುವಾರಗಳನ್ನೆಲ್ಲ ಅದರ ಬಾನೆಟ್ಟಿನೊಳಗೇ ಕಳೆದಿದ್ದ. ಪ್ರಜ್ಞೆ ತಪ್ಪುವ ಮೊದಲು ಆಂಬುಲೆನ್ಸಿನಲ್ಲಿ ಒಂದೇ ಮಾತು ಹೇಳಿದ್ದನಂತೆ: ನಾನು ತುಳಿದದ್ದು ಸ್ವಲ್ಪ, ಅದು ನುಗ್ಗಿದ್ದು ಜಾಸ್ತಿ.

"ಯಾರೋ ಏನೋ ಮಾಡಿದಾರೆ ಮೇಡಂ. ಇನ್ನೂ ಬದುಕಿದಾರೆ ಅಂತ ಗೊತ್ತಾದ್ರೆ ಮತ್ತೆ ಬರ್ತಾರೆ."

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದಳು.

"ಗ್ಯಾರೇಜ್ ಮೇಸ್ತ್ರಿ ಮೇಲೆ. ಮನೆಯವರನ್ನ ಬಿಟ್ರೆ ಆ ಕಾರಿಗೆ ಕೈ ಹಾಕೋನು ಅವನೊಬ್ಬನೇ."

ಆಸ್ಪತ್ರೆಯಲ್ಲಿ ಮಾವ ಇದ್ದಾರೆ, ನಿನ್ನೆಯಿಂದ ಮಗನ ಮಂಚದ ಪಕ್ಕ ಬಿಟ್ಟು ಎದ್ದಿಲ್ಲ ಎಂದಳು. ಮೂವತ್ತು ವರ್ಷ ಅಲ್ಲಿನ ಆಪರೇಷನ್ ಥಿಯೇಟರಿನಲ್ಲೇ ಕೆಲಸ ಮಾಡಿದವರೆಂದು ನರ್ಸುಗಳು ಅವರನ್ನು ಒಳಗೆ ಕೂರಲು ಬಿಟ್ಟಿದ್ದರು.

ಎಫ್‌ಐಆರ್‌ಗೆ ಸಹಿ ಹಾಕುವಾಗ ಅವಳ ಬೆರಳಿನಿಂದ ಪೆನ್ನು ಜಾರಿತು. ಬೆರಳಿಗೆ ಬ್ಯಾಂಡೇಜ್ ಬಟ್ಟೆಯ ಪಟ್ಟಿ. ಗಂಟು ಪುಟ್ಟದು; ಎಲ್ಲೂ ಸಿಕ್ಕಿಕೊಳ್ಳದಂತೆ ಎರಡು ತುದಿಗಳನ್ನೂ ಒಳಕ್ಕೆ ಸೇರಿಸಲಾಗಿತ್ತು. ಕಾರಿನ ಗಾಜು ತಾಗಿತ್ತು, ಮಾವ ಕಟ್ಟಿದರು ಎಂದಳು.

ಇನ್‌ಸ್ಪೆಕ್ಟರ್ ದಫೇದಾರನನ್ನು ವಾರ್ಡಿನ ಬಾಗಿಲಿಗೆ ಕಳಿಸಿದಳು. ಹೊರಗಿನವರು ಯಾರೂ ಒಳಗೆ ಹೋಗಕೂಡದು. ನಿಮ್ಮನ್ನೂ ಗುರುತಿನ ಚೀಟಿ ನೋಡಿಯೇ ಬಿಡೋದು ಮೇಡಂ ಎಂದು ಅವನು ನಕ್ಕ. ಅವಳು ನಗಲಿಲ್ಲ.

11.30ಕ್ಕೆ ಠಾಣೆಯ ಹಿತ್ತಲಲ್ಲಿ, ಎಳೆದು ತಂದಿದ್ದ ಕಾರಿನ ಪಂಚನಾಮೆ. ಇಬ್ಬರು ಪಂಚರ ಎದುರು ಮೇಸ್ತ್ರಿ ಸೊಟ್ಟಗಾದ ಬಾನೆಟ್ಟನ್ನು ಹಾರೆಯಿಂದ ಎಬ್ಬಿಸಿದ. ತನ್ನನ್ನೇ ಒಳಗೆ ಹಾಕುತ್ತಾರೆಂಬ ಭಯಕ್ಕೆ, ಏನನ್ನೇ ಮುಟ್ಟುವ ಮೊದಲೂ ಅವಳ ಮುಖ ನೋಡುತ್ತಿದ್ದ. ಎಂಜಿನ್ನಿನ ಪಕ್ಕ ಬೆರಳ ಗಾತ್ರದ ರಬ್ಬರ್ ಪೈಪನ್ನು ಹಿಡಿದವನು ಹಾಗೇ ನಿಂತುಬಿಟ್ಟ. ಪೈಪನ್ನು ಮಧ್ಯಕ್ಕೆ ಮಡಚಿ, ಬಟ್ಟೆಯ ಪಟ್ಟಿಯಿಂದ ಬಿಗಿದು ಕಟ್ಟಲಾಗಿತ್ತು.

"ಏನಿದು?"

"ಇದು ಟರ್ಬೋದ ಮೂಗುದಾರ ಮೇಡಂ. ಟರ್ಬೋ ಎಂಜಿನ್ನಿನ ಹೊಗೆಯಿಂದ್ಲೇ ತಿರುಗಿ ಅದಕ್ಕೆ ಜಾಸ್ತಿ ಗಾಳಿ ನುಗ್ಸುತ್ತೆ. ಒತ್ತಡ ಜಾಸ್ತಿಯಾದ್ರೆ ಈ ಪೈಪಿನ ಗಾಳಿ ಅದರ ಪಕ್ಕದ ಸಣ್ಣ ಬಾಗಿಲು ತೆಗ್ಸುತ್ತೆ. ಹೊಗೆ ಆ ಕಡೆ ಹೋಗಿ ಟರ್ಬೋ ಸುಮ್ಮನಾಗುತ್ತೆ. ಇದನ್ನ ಕಟ್ಟಿದ್ರೆ ಬಾಗಿಲೇ ತೆಗೆಯಲ್ಲ. ಹೋರಿ ಬಿಚ್ಚಿ ಬಿಟ್ಟಂಗೆ."

"ಕಟ್ಟಿದ್ದು ನೀನಾ?"

"ನನ್ ಕೈ ನೋಡಿ. ಇಷ್ಟು ನಾಜೂಕಾಗಿ ಕಟ್ಟೋ ಕೈನಾ ಇದು? ನಾನು ತಂತಿ ಸುತ್ತೋನು."

ಅವಳು ಬಗ್ಗಿದಳು. ಪುಟ್ಟ ಗಂಟು. ತುದಿಗಳೆರಡೂ ಒಳಗೆ.

ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಅವರ ತಂದೆ ಯಾವತ್ತಾದ್ರೂ ಕಾರಿನ ಹತ್ರ ಬರ್ತಿದ್ರಾ?"

ಮೇಸ್ತ್ರಿ ನೆನಪಿಸಿಕೊಂಡ. ಹೋದ ವಾರ ಆ ಹಿರಿಯರೇ ಟಾರ್ಚ್ ಹಿಡಿದು ನಿಂತಿದ್ದರು. ಟರ್ಬೋದ ಗಾಳಿ ಯಾವುದರಲ್ಲಿ ಹೋಗುತ್ತೆ ಎಂದು ಕೇಳಿದ್ದರು. ಇದರಲ್ಲೂ ಹೋಗುತ್ತೆ ಎಂದು ಇವನು ಈ ಪೈಪನ್ನೇ ತೋರಿಸಿದ್ದ.

ಅವಳು ದಫೇದಾರನಿಗೆ ಫೋನ್ ಮಾಡಿದಳು.

"ಯಾರನ್ನೂ ಬಿಟ್ಟಿಲ್ಲ ಮೇಡಂ. ಒಳಗಿರೋದು ಅವರಪ್ಪ ಒಬ್ರೇ."

ಒಳಗೆ ಹೋಗು ಎನ್ನುವಷ್ಟರಲ್ಲಿ ಲೈನ್ ಕಡಿಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಬೇಲಿಯೇ ಎದ್ದು ಹೊಲ ಮೇಯ್ದಿದೆ. ತಾನು ಆ ಬೇಲಿಗೇ ಕಾವಲು ಹಾಕಿದ್ದೆ ಎನಿಸಿತು. ಆಸ್ಪತ್ರೆಗೆ ಜೀಪಿನಲ್ಲಿ ಹನ್ನೊಂದು ನಿಮಿಷ. ಅಷ್ಟೂ ಹೊತ್ತು ಅವಳು ಸೀಟಿನ ಅಂಚಿನಲ್ಲೇ ಕೂತಿದ್ದಳು.

12.25. ಚಾರ್ಜ್ ಮುಗಿದ ಫೋನ್ ಹಿಡಿದು ನಿಂತಿದ್ದ ದಫೇದಾರನನ್ನು ಸರಿಸಿ ಅವಳು ಬಾಗಿಲು ತಳ್ಳಿದಳು. ಮುದುಕರು ಮಂಚದ ಮೇಲೆ ಬಗ್ಗಿದ್ದರು. ಮಗನ ಕೈಗೆ ಹೋಗುವ ಡ್ರಿಪ್ ಪೈಪನ್ನು ಮಧ್ಯಕ್ಕೆ ಮಡಚಿ, ಎರಡು ಬೆರಳಲ್ಲಿ ಒತ್ತಿ ಹಿಡಿದಿದ್ದರು.

"ಕೈ ತೆಗೀರಿ."

"ಬಾಟ್ಲಿ ಖಾಲಿಯಾಗಿದೆ ತಾಯಿ. ಬಿಟ್ರೆ ರಕ್ತ ಹಿಂದಕ್ಕೆ ಬರುತ್ತೆ. ನರ್ಸನ್ನ ಕರೀರಿ."

ಅವಳು ತಲೆಯೆತ್ತಿ ನೋಡಿದಳು. ಬಾಟಲಿ ನಿಜಕ್ಕೂ ಖಾಲಿಯಾಗಿತ್ತು. ನರ್ಸು ಬಂದು ಹೊಸದನ್ನು ತೂಗುಹಾಕುವವರೆಗೂ ಅವರು ಬೆರಳು ಸಡಿಲಿಸಲಿಲ್ಲ, ಇವಳು ಅವರ ಕೈಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಹೊರಗೆ ಕರೆದು, ಪ್ಲಾಸ್ಟಿಕ್ ಚೀಲದಲ್ಲಿದ್ದ ರಬ್ಬರ್ ಪೈಪನ್ನು ತೋರಿಸಿದಳು. ನಾನೇ ಕಟ್ಟಿದ್ದು ಎಂದು ಒಂದೇ ಮಾತಿಗೆ ಒಪ್ಪಿಕೊಂಡರು. 12.50ಕ್ಕೆ ದಸ್ತಗಿರಿ.

ಮೆಟ್ಟಿಲಿಳಿಯುವಾಗ ಅವರೇ ಕೇಳಿದರು: "ಪೈಪು ಮಡಚಿದ್ರೆ ಹರಿಯೋದು ನಿಲ್ಲುತ್ತೆ. ನಂಗೆ ಗೊತ್ತಿರೋದು ಅಷ್ಟೇ. ಕಾರು ನಿಧಾನ ಆಗ್ಲಿ ಅಂತ ಕಟ್ಟಿದೆ. ಕಟ್ಟಿದ ಮೇಲೂ ಅದು ಹೇಗೆ ಅಷ್ಟು ಜೋರಾಗಿ ಓಡ್ತು?"

ಹೇಳಿಕೆಯಲ್ಲಿ ಬರೆಯಲೇಬೇಕಾದ ವಿಷಯ. ಅವಳು ಮೇಸ್ತ್ರಿ ಹೇಳಿದ್ದನ್ನೇ ಹೇಳಿದಳು. ಮುದುಕರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಎಬ್ಬಿಸಲು ಇಬ್ಬರು ಬೇಕಾಯಿತು.

ಮೂವತ್ತು ವರ್ಷ, ಅಪಘಾತವಾಗಿ ರಸ್ತೆಯಿಂದ ಎತ್ತಿ ತಂದವರ ಬಟ್ಟೆಗಳನ್ನು ಕತ್ತರಿಸಿ ತೆಗೆದವರು ಅವರು. ಪ್ರತಿ ಭಾನುವಾರ ಗೇಟಿನಲ್ಲಿ ನಿಂತು, ಆ ಎಂಜಿನ್ನಿನ ಸದ್ದು ವಾಪಸ್ ಬರುವವರೆಗೂ ನೀರು ಕುಡಿಯುತ್ತಿರಲಿಲ್ಲವಂತೆ. ಬೇಡ ಎಂದು ಮಗನಿಗೆ ಬಾಯಿಬಿಟ್ಟು ಒಮ್ಮೆಯೂ ಹೇಳಿರಲಿಲ್ಲ. ಹೇಳಿದರೆ ಮಗ ದೂರವಾಗಿಬಿಡುತ್ತಾನೆ ಎಂಬುದು ಇನ್ನೊಂದು ಹೆದರಿಕೆ.

ಗುರುವಾರ ಬೆಳಿಗ್ಗೆ 8.15ಕ್ಕೆ ಮಗ ಕಣ್ಣು ಬಿಟ್ಟ. ಮೊದಲು ಹೆಂಡತಿಯ ಮುಖ ನೋಡಿದ. ಆಮೇಲೆ ಪಕ್ಕದ ಖಾಲಿ ಕುರ್ಚಿಯನ್ನು ನೋಡಿ, ಅಪ್ಪ ಎಲ್ಲಿ ಎಂದು ಕೇಳಿದ. ಬಾಗಿಲಲ್ಲಿದ್ದ ದಫೇದಾರ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಇನ್‌ಸ್ಪೆಕ್ಟರಿಗೆ ಫೋನ್ ಮಾಡಲು ಹೊರಗೆ ಹೋದ.