ಉಡದ ಕಣ್ಣು ಮತ್ತು ಕರಿ ಕಂಬಳಿ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ಬಳ್ಳಿಗಿರಿ ಎಂಬ ದ್ರಾಕ್ಷಿಯ ನಾಡೊಂದಿತ್ತು. ಗೊನೆ ಕೊಯ್ದ ಕೂಡಲೇ ಕರಿ ಕಂಬಳಿ ಹೊದಿಸುವುದು ಅಲ್ಲಿಯ ಪದ್ಧತಿ. ಕೊಯ್ದ ಹಣ್ಣು ಸತ್ತಂತೆ, ಅದಕ್ಕೆ ಬಿಸಿಲು ತೋರಿಸಬಾರದು ಎಂದು ಅವರನ್ನು ನಂಬಿಸಿದವನು ಮಾಂತ್ರಿಕ ಕಗ್ಗಲ್ಲ.

ಒಂದು ಸುಗ್ಗಿಯಲ್ಲಿ ಅವನು ಊರವರನ್ನೆಲ್ಲ ಕಾಲಿನಿಂದ ಮೇಲಕ್ಕೆ ಕಲ್ಲಾಗಿಸತೊಡಗಿದ. ದೂರದ ತೋಟದಿಂದ ಮರಳಿದ ಸಂಕವ್ವ ನೋಡುತ್ತಾಳೆ, ಗಂಡ ಬಸವಂತ ಮೊಣಕಾಲಿನವರೆಗೆ ಕಲ್ಲು. ಅವಳ ಎದೆ ಧಸಕ್ಕೆಂದಿತು, ಕೈಕಾಲು ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಾವರಿಸಿಕೊಂಡು ಬೆಟ್ಟ ಹತ್ತಿದಳು. ಕಗ್ಗಲ್ಲನ ಮಾಯೆಗೆ ಮದ್ದು ಬಲ್ಲ ಮುದಿ ಉಡವನ್ನು ಬುಟ್ಟಿಯಲ್ಲಿ ಹೊತ್ತು ತಂದಳು.

ನೇರಳೆ ಬಣ್ಣದಾಚೆಗೊಂದು ಕಾಣದ ಬೆಳಕಿದೆ, ಅದು ಬಿಸಿಲಿನಲ್ಲಿ ತುಸು, ತನ್ನ ಕಣ್ಣಲ್ಲಿ ಬಹಳ ಇದೆ ಎಂದಿತು ಉಡ. ಕೊಯ್ದ ಹಣ್ಣಿಗೂ ಜೀವವಿದೆ, ಆ ಬೆಳಕು ತಾಗಿದರೆ ಹೆದರಿ ಸಿಪ್ಪೆಯಲ್ಲಿ ಒಗರು ಮದ್ದು ಮಾಡಿಕೊಳ್ಳುತ್ತದೆ, ಅದನ್ನು ತಿಂದವರ ಕಲ್ಲು ಇಳಿಯುತ್ತದೆ ಎಂದಿತು.

"ಮೂರ ಸಲ ಕಣ್ಣ ತೆರೀತೀನಿ ತಂಗಿ. ಎಷ್ಟು ಹೊತ್ತು ಅನ್ನೋದು ನಿನಗ ಬಿಟ್ಟದ್ದು."

ಮೊದಲ ಗೊನೆಯನ್ನು ಸಂಕವ್ವ ಆಸೆಬಿದ್ದು ಉಡದ ಕಣ್ಣೆದುರು ಬಹಳ ಹೊತ್ತು ಹಿಡಿದಳು. ಹಣ್ಣು ಕಂದಿ ಸುಕ್ಕಾಯಿತು. ಕಲ್ಲು ಬಸವಂತನ ಸೊಂಟಕ್ಕೆ ಬಂತು. ಎರಡನೆಯದನ್ನು ಒಂದೇ ಉಸಿರಿನಷ್ಟು ಹಿಡಿದು ತಕ್ಷಣ ಗಂಡನಿಗೆ ತಿನ್ನಿಸಿದಳು. ಬರೀ ಸಿಹಿ. ಕಲ್ಲು ಎದೆಗೇರಿತು, ಕಟ್ಟೆಯ ಮೇಲೆ ಕೂತ ಕಗ್ಗಲ್ಲ ನಕ್ಕ.

ಸಂಕವ್ವನಿಗೆ ಆಗ ಹೊಳೆಯಿತು. ಹೆದರಿದಾಗ ತನಗೂ ಸಾವರಿಸಿಕೊಳ್ಳಲು ಹೊತ್ತು ಬೇಕಾಗಿತ್ತಲ್ಲ! ಉಳಿದ ಹಣ್ಣನ್ನೆಲ್ಲ ಹರವಿ, ಮೂರನೆಯ ಸಲ ಒಂದುಸಿರಿನಷ್ಟು ಬೆಳಕು ತಾಗಿಸಿ, ಕರಿ ಕಂಬಳಿ ಹೊದಿಸಿ ಕಾದಳು.

ಕಲ್ಲು ಹೆಗಲಿಗೆ ಬಂತು. ಕೊರಳಿಗೆ ಬಂತು.

"ಈಗರ ಕೊಡ," ಅಂದ ಬಸವಂತ.

"ಇನ್ನೊಂದೀಟು ತಡೀರಿ," ಎಂದಳು. ಕಂಬಳಿಯನ್ನು ಇನ್ನಷ್ಟು ಒತ್ತಿಹಿಡಿದಳು.

ಗದ್ದ ಕಲ್ಲಾಯಿತು. ಕೆಳತುಟಿ ಬೆಳ್ಳಗಾಗುತ್ತಿದ್ದಂತೆ ಅವಳು ಕಂಬಳಿ ಸರಿಸಿ ಒಂದು ಹಣ್ಣು ಬಾಯಿಗಿಟ್ಟಳು.

ಬಸವಂತ ಮುಖ ಕಿವಿಚಿದ. "ಒಗರೈತಿ."

ಸಂಕವ್ವ ಗೊಳೋ ಎಂದು ಅತ್ತುಬಿಟ್ಟಳು. ಕಲ್ಲು ಕೊರಳಿಂದ, ಎದೆಯಿಂದ, ಕಾಲಿಂದ ಇಳಿಯಿತು. ಊರವರೆಲ್ಲರ ಬಾಯಿಗೂ ಒಂದೊಂದು ಹಣ್ಣು ಬಿತ್ತು. ಅವರಿಂದ ಇಳಿದ ಕಲ್ಲೆಲ್ಲ ಕಗ್ಗಲ್ಲನಿಗೆ ಏರಿತು. ಅವನು ಕೂತಲ್ಲೇ ಬಂಡೆಯಾದ.

ಅಂದಿನಿಂದ ಬಳ್ಳಿಗಿರಿಯವರು ಗೊನೆಗಳನ್ನು ಮೊದಲು ಆ ಬಂಡೆಯ ಬೆನ್ನ ಮೇಲೆ ಬಿಸಿಲಿಗೆ ತುಸು ಹರವಿ, ಆಮೇಲೆ ಕಂಬಳಿ ಹೊದಿಸಿದರು, ಸುಖವಾಗಿ ಬಾಳಿದರು. ಹಣ್ಣು ಒಗರೆಂದು ಬಸವಂತ ದಿನವೂ ಗೊಣಗುತ್ತಿದ್ದ. ಆ ಗೊಣಗು ಕೇಳಿದಾಗಲೆಲ್ಲ ಸಂಕವ್ವನಿಗೆ ಜೀವ ತಂಪಾಗುತ್ತಿತ್ತು.