ನನ್ನ ಮನೆಯ ಮಣೆ

ನನ್ನ ಮನೆಯ ಗೃಹಪ್ರವೇಶದ ದಿನ ಮಣೆಯ ಮೇಲೆ ಕೂತದ್ದು ನಾನಲ್ಲ. ಚಿಕ್ಕಪ್ಪನ ಮಗ ಸೀನು ಮತ್ತು ಅವನ ಹೆಂಡತಿ.

ದಂಪತಿಗಳೇ ಕೂರಬೇಕಂತೆ. ಒಂಟಿ ಹೆಣ್ಣು ಕೂತರೆ ಶ್ರೇಯಸ್ಸಲ್ಲವಂತೆ. ಸಾಲ ಕೊಡುವಾಗ ಬ್ಯಾಂಕಿನವರು ಹಾಗೇನೂ ಹೇಳಿರಲಿಲ್ಲ. ಇಪ್ಪತ್ತು ವರ್ಷದ ಕಂತಿಗೆ ನನ್ನೊಬ್ಬಳ ಸಹಿ ಸಾಕಾಗಿತ್ತು, ಅರ್ಧ ಗಂಟೆಯ ಹೋಮಕ್ಕೆ ಮಾತ್ರ ನಾನೊಬ್ಬಳು ಸಾಲಲಿಲ್ಲ!

"ಸುಮ್ನಿರೇ ಪ್ರಕೃತಿ, ಒಂದು ದಿನದ ಮಾತು," ಎಂದು ಅಮ್ಮ ಪಿಸುಗುಟ್ಟಿದಳು. ಅಪ್ಪ ಹೋದ ಮೇಲೆ ಇರುವುದು ನಾವಿಬ್ಬರೇ, ಬರುವುದು ನನ್ನದೊಂದೇ ಸಂಬಳ. ಅಮ್ಮನ ಮುಖ ನೋಡಿ ಒಪ್ಪಿಕೊಂಡೆ. ಬಕೆಟ್ ತಂದು, ಯಾರೋ ಚೆಲ್ಲಿದ್ದ ನೀರನ್ನು ಒರೆಸತೊಡಗಿದೆ.

ಆಗ ಬಾಗಿಲಲ್ಲಿ ಒಬ್ಬ ಪ್ರತ್ಯಕ್ಷನಾದ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದ. ಕೈಯಲ್ಲಿ ತೊಪ್ಪೆಯಾದ ಉತ್ತರಪತ್ರಿಕೆಗಳ ಕಟ್ಟು.

"ಕಂಗ್ರಾಟ್ಸ್ ಸಾರ್, ಕಂಗ್ರಾಟ್ಸ್ ಮೇಡಂ," ಎಂದು ಸೀನು ದಂಪತಿಗೆ ಕೈಮುಗಿದ. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕಾ, ನೀರು ಸ್ವಲ್ಪ ಕಮ್ಮಿ ಸುರೀರಿ. ಕೆಳಗೆ ನಮ್ಮ ಬಾಲ್ಕನಿ ಸ್ವಿಮ್ಮಿಂಗ್ ಪೂಲ್ ಆಗಿದೆ."

"ಮನೆ ನಂದು," ಎಂದೆ.

ಅವನು ಮಣೆ ನೋಡಿದ. ಬಕೆಟ್ ನೋಡಿದ. ನನ್ನನ್ನು ನೋಡಿದ.

"ಮತ್ತೆ ನೀವ್ಯಾಕೆ ನೆಲ ಒರೆಸ್ತಿದೀರ?"

ಅಲ್ಲಿದ್ದ ನಲವತ್ತು ಜನರಲ್ಲಿ ಆ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ಹೊಳೆದದ್ದು ಈ ಅಪರಿಚಿತನಿಗೆ, ಅದೂ ಜಗಳಕ್ಕೆ ಬಂದವನಿಗೆ. ನನಗೆ ಅಳು ಬಂತು. ಅಳಲು ಮನಸ್ಸಿಲ್ಲದೆ ಅವನ ಮೇಲೇ ರೇಗಿ ಕಳಿಸಿದೆ.

ಹೋಗುವ ಮುಂಚೆ ಸೀನು ಹೋಳಿಗೆ ಕಟ್ಟಿಸಿಕೊಳ್ಳುತ್ತಾ ಹೇಳಿದ: "ಒಂದೇ ಸಂಬಳದಲ್ಲಿ ಇಷ್ಟೆಲ್ಲಾ ಕಷ್ಟ ಕಣೇ. ಎರಡು ವರ್ಷ ನೋಡು, ಮಾರ್ತೀಯ."

ಮಾರುವುದಾ? ಆವತ್ತೇ ನಿಶ್ಚಯ ಮಾಡಿದೆ. ಇಪ್ಪತ್ತು ವರ್ಷದ ಸಾಲವನ್ನು ಎಂಟು ವರ್ಷದಲ್ಲಿ ತೀರಿಸಿ ಇವನ ಮುಖಕ್ಕೆ ಹಿಡಿಯುತ್ತೇನೆ ಎಂದು.

* * *

ನಾನು ಜಯನಗರ ನಾಲ್ಕನೇ ಬ್ಲಾಕಿನ ಕ್ಲಿನಿಕ್ಕೊಂದರಲ್ಲಿ ಕಿವಿ ಪರೀಕ್ಷೆ ಮಾಡುವವಳು. ಸಂಬಳ ಬಂದ ದಿನವೇ ಕಂತು ಹೋಗುತ್ತಿತ್ತು. ಅದರ ಮೇಲೆ ಉಳಿದದ್ದನ್ನೆಲ್ಲಾ ಗೋರಿ ಗೋರಿ ನಾನೇ ಬ್ಯಾಂಕಿಗೆ ಹಾಕುತ್ತಿದ್ದೆ. ಆಟೋ ಬಿಟ್ಟೆ. ಮಧ್ಯಾಹ್ನದ ಊಟ ಎರಡು ಬಿಸ್ಕತ್ತಿಗೆ ಇಳಿಯಿತು. ಕಾಫಿಪುಡಿಯಲ್ಲಿ ಅರ್ಧ ಚಿಕೋರಿ. ಕನ್ನಡಕದ ಪವರ್ ಬದಲಾಗಿ ವರ್ಷವಾಗಿದ್ದರೂ ಅದೇ ಹಳೆಯದು, ಒಂದು ಕಡ್ಡಿಗೆ ಟೇಪು ಸುತ್ತಿದ್ದೆ. ಸಾಲ ಮಾತ್ರ ಕರಗುತ್ತಿತ್ತು. ನನಗೆ ಅಷ್ಟು ಸಾಕಿತ್ತು.

ಕೆಳಗಿನ ಮನೆಯವನ ಹೆಸರು ಚೈತನ್ಯ. ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಚಿಕ್ಕಲಸಂದ್ರಕ್ಕೆ ಬಂದ ಮೇಲೆ ನನ್ನೊಂದಿಗೆ ದಿನಾ ಮಾತಾಡುತ್ತಿದ್ದವನು ಅವನೊಬ್ಬನೇ. ಸಂಜೆ ನಾನು ಮೆಟ್ಟಿಲು ಹತ್ತುವ ಹೊತ್ತಿಗೆ ಸರಿಯಾಗಿ ಅವನಿಗೆ ಬಾಗಿಲ ಮುಂದಿನ ಕುಂಡಗಳಿಗೆ ನೀರು ಹಾಕುವ ನೆನಪಾಗುತ್ತಿತ್ತು.

"ಮೇಡಂ, ಬಾದಾಮಿ ಮಾವಿನಹಣ್ಣು ತಂದಿದೀನಿ. ತಗೊಳ್ಳಿ."

"ಬಾಡಿಗೆಯವ್ರಿಗೇನ್ರೀ, ದಿನಾ ಹಬ್ಬ."

"ಹೌದಪ್ಪಾ, ಓನರ್‌ಗಳು ಗೋಡೆ ನೋಡ್ಕೊಂಡು ಹೊಟ್ಟೆ ತುಂಬಿಸ್ಕೊಳ್ತಾರೆ."

"ಗೋಡೆ ನಮ್ದೇ ತಾನೆ?"

"ಹಾಗಾದ್ರೆ ಸ್ವಲ್ಪ ಉಪ್ಪಿನಕಾಯಿ ಕೊಡ್ಲಾ, ನೆಂಚ್ಕೊಳ್ಳೋಕೆ?"

ಸಿಟ್ಟು ಬರುತ್ತಿತ್ತು. ಮನೆಯೊಳಗೆ ಹೋಗಿ ಚಪ್ಪಲಿ ಬಿಡುವಾಗ ನಗುವೂ ಬರುತ್ತಿತ್ತು. ಅವನಿಲ್ಲದ ದಿನ ಕುಂಡಗಳ ಹತ್ತಿರ ಸುಮ್ಮನೆ ಒಂದು ನಿಮಿಷ ನಿಲ್ಲುತ್ತಿದ್ದೆ. ಯಾಕೆಂದು ನನ್ನನ್ನು ನಾನು ಕೇಳಿಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಪಕ್ಕದಲ್ಲಿ ನಿಂತಿದ್ದ. ಬಂದ ಬಸ್ಸು ಯಾವುದೆಂದು ಅವನನ್ನು ಕೇಳಿದೆ. ಅವನು ನನ್ನತ್ತ ತಿರುಗಿದ.

"ಅಷ್ಟು ದೊಡ್ಡ ನಂಬರು ಕಾಣಿಸ್ತಿಲ್ವಾ?"

"ಸ್ವಲ್ಪ ಮಂಜು."

"ತಡೀರಿ. ಹಾಗಾದ್ರೆ ದಿನಾ ಸಂಜೆ ಮೆಟ್ಟಿಲಲ್ಲಿ ಕಣ್ಣು ಕಿರಿದು ಮಾಡ್ಕೊಂಡು ನನ್ನನ್ನೇ ನೋಡ್ತಿದ್ರಲ್ಲ..."

"ಮುಖ ಸರಿಯಾಗಿ ಕಾಣ್ತಿರ್ಲಿಲ್ಲ."

"ಅಯ್ಯೋ ದೇವ್ರೇ! ನಾನೇನೋ ಅಂದ್ಕೊಂಡು ಎರಡು ಹೊಸ ಶರ್ಟ್ ಬೇರೆ ತಗೊಂಡೆ."

ಬಸ್ಸಿನಲ್ಲಿ ಬನಶಂಕರಿ ದಾಟುವವರೆಗೂ ನನ್ನ ಕೆನ್ನೆ ಬಿಸಿಯಾಗಿತ್ತು. ಶರ್ಟಿನ ಬಣ್ಣ ನೀಲಿ ಎಂದಷ್ಟೇ ಗೊತ್ತಾಗಿತ್ತು. ಅವನ ಕಣ್ಣು ಹೇಗಿವೆ ಎಂದು ನನಗೆ ಆವತ್ತಿಗೂ ಗೊತ್ತಿರಲಿಲ್ಲ.

* * *

ಆ ಮೆಸೇಜು ಬಂದದ್ದು ಒಂದು ಗುರುವಾರ, ಕ್ಲಿನಿಕ್ಕಿನಲ್ಲಿದ್ದಾಗ. ನನ್ನ ಗೃಹಸಾಲದ ಖಾತೆಗೆ ಐವತ್ತು ಸಾವಿರ ಜಮೆಯಾಗಿದೆಯಂತೆ. ನಾನು ಹಾಕಿರಲಿಲ್ಲ. ಬ್ಯಾಂಕಿಗೆ ಫೋನ್ ಮಾಡಿದೆ. ಕಳಿಸಿದವರ ಹೆಸರು ಹೇಳಿದರು: ಚೈತನ್ಯ. ವಾಪಸ್ ಕಳಿಸಿ ಎಂದೆ. ಸಾಲಕ್ಕೆ ಜಮೆಯಾದದ್ದು ಹಾಗೆಲ್ಲ ಹಿಂದಕ್ಕೆ ಬರುವುದಿಲ್ಲ ಮೇಡಂ, ಖುಷಿಪಡಿ ಎಂದರು.

ಖುಷಿಯಂತೆ! ಮೈಯೆಲ್ಲಾ ಉರಿದುಹೋಯಿತು. ಅರ್ಧ ದಿನ ರಜೆ ಹಾಕಿ, ಆಟೋ ಹತ್ತಿ, ಅವನ ಬಾಗಿಲು ತಟ್ಟಿದೆ.

"ನನ್ನ ಸಾಲಕ್ಕೆ ದುಡ್ಡು ಹಾಕೋಕೆ ನೀವ್ಯಾರ್ರೀ?"

ಅವನ ಕೈಯಲ್ಲಿ ನೀರಿನ ಚೊಂಬು ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತ. "ಆಂಟಿ ಹತ್ರ ನಿಮ್ಮ ಲೋನ್ ನಂಬರ್ ಇಸ್ಕೊಂಡೆ. ನೀವು ಮಧ್ಯಾಹ್ನ ಊಟಾನೇ ಮಾಡ್ತಿಲ್ಲ ಅಂತ ಅತ್ರು. ನನ್ನ ಕೈಲಿ ನೋಡೋಕಾಗ್ಲಿಲ್ಲ. ಒಂದೆರಡು ತಿಂಗಳಾದ್ರೂ ಉಸಿರಾಡ್ತೀರ ಅಂತ..."

"ನಾನು ಕೇಳಿದ್ನಾ?"

"ಇಲ್ಲ."

"ನೀವು ನನ್ನನ್ನ ಕೇಳಿದ್ರಾ?"

"ಇಲ್ಲ."

"ಸೀನು ಆವತ್ತು ನನ್ನ ಮಣೆ ಮೇಲೆ ಕೂತ. ಅವನಾದ್ರೂ ಅರ್ಧ ಗಂಟೆಗೆ ಎದ್ದು ಹೋದ. ನೀವು ಹಾಕಿದ ದುಡ್ಡು ಏಳೋದೂ ಇಲ್ಲ, ಹೋಗೋದೂ ಇಲ್ಲ. ನಾಳೆ ಸಾಲ ತೀರಿದ ದಿನ ಜನ ಏನಂತಾರೆ? ನೋಡು, ಕೊನೆಗೂ ಒಬ್ಬ ಗಂಡಸು ಬಂದು ಕಟ್ಟಿದ ಅಂತಾರೆ!"

"ಪ್ರಕೃತಿ, ನಾನು ಹಾಗೆ..."

"ನಲವತ್ತು ಜನ ಇದ್ರು ಆವತ್ತು. ನೀವ್ಯಾಕೆ ಒರೆಸ್ತಿದೀರ ಅಂತ ಕೇಳಿದ್ದು ನೀವೊಬ್ರೇ. ಆ ಒಂದು ಮಾತಿಗೆ ನಿಮ್ಮನ್ನ ಇಷ್ಟಪಟ್ಟೆ ನಾನು. ಕೇಳಿಸ್ತಾ? ಇಷ್ಟಪಟ್ಟೆ! ಈಗ ನೀವೂ ಹೀಗೆ ಮಾಡಿದ್ರೆ ಯಾರ ಹತ್ರ ಹೋಗ್ಲಿ?"

ಬಯ್ಯಲು ಬಂದವಳು ಹೇಳಬಾರದ್ದನ್ನು ಹೇಳಿಬಿಟ್ಟಿದ್ದೆ. ನಾಚಿಕೆಯಾಗುವುದಕ್ಕೂ ಪುರುಸೊತ್ತಿಲ್ಲದಷ್ಟು ಸಿಟ್ಟಿತ್ತು.

ಅವನು ಚೊಂಬನ್ನು ನೆಲಕ್ಕಿಟ್ಟ. "ತಪ್ಪಾಯ್ತು. ಕೇಳ್ಬೇಕಿತ್ತು. ಸಹಾಯ ಅಂದ್ಕೊಂಡೆ, ನಿಮ್ಮ ಜಾಗಕ್ಕೆ ಬಂದು ಕೂರ್ತಿದೀನಿ ಅಂತ ಹೊಳೀಲಿಲ್ಲ." ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೇಳಿದ: "ನನಗೂ ನಿಮ್ಮನ್ನ ಕಂಡ್ರೆ ಪ್ರಾಣ. ಅದಕ್ಕೇ ಇನ್ನೊಂದು ಮಾತು ಹೇಳ್ತೀನಿ, ಬೇಕಾದ್ರೆ ಹೊಡೀರಿ. ಸೀನು ಅಂದಿದ್ದನ್ನ ಆಂಟಿ ನನಗೆ ಹೇಳಿದಾರೆ. ನೀವು ಸಾಲ ತೀರಿಸ್ತಿಲ್ಲ, ಸೀನು ಮೇಲಿನ ಸಿಟ್ಟು ತೀರಿಸ್ಕೊಳ್ತಿದೀರ. ಆ ಪುಣ್ಯಾತ್ಮನಿಗೆ ಅದು ಗೊತ್ತೂ ಇಲ್ಲ. ಉಂಡ್ಕೊಂಡು ತಿಂದ್ಕೊಂಡು ಆರಾಮಾಗಿದಾನೆ. ಉಪವಾಸ ಇರೋದು ನೀವು. ತಣ್ಣೀರಲ್ಲಿ ಸ್ನಾನ ಮಾಡ್ತಿರೋದು ಆಂಟಿ."

"ಏನಂದ್ರಿ?"

"ಗೀಸರ್ ಹಾಕಿದ್ರೆ ಕರೆಂಟ್ ಬಿಲ್ ಏರುತ್ತೆ ಅಂತ. ನಿಮಗೆ ಹೇಳ್ಬೇಡ ಅಂದಿದ್ರು."

ನಾನು ಮೇಲೆ ಹೋದೆ. ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಸೀದಾ ಹೋಗಿ ಗೀಸರ್ ಸ್ವಿಚ್ ಒತ್ತಿದೆ.

"ಯಾಕೇ, ಈ ಹೊತ್ತಲ್ಲಿ?"

"ಅಮ್ಮಾ, ತಣ್ಣೀರಲ್ಲಿ ಸ್ನಾನ ಮಾಡಿದ್ಯಾ? ಈ ವಯಸ್ಸಲ್ಲಿ? ನನಗೆ ಒಂದು ಮಾತು ಹೇಳೋಕೇನಾಗಿತ್ತು ನಿಂಗೆ?"

ಅಮ್ಮ ಎಂದೂ ದನಿ ಏರಿಸಿದವಳಲ್ಲ. ಆವತ್ತು ಸೊಪ್ಪಿನ ಮೊರವನ್ನು ದಬಕ್ಕನೆ ಕೆಳಗಿಟ್ಟಳು. "ಹೇಳಿದ್ರೆ ಕೇಳ್ತಿದ್ಯಾ ನೀನು? ಸ್ವಂತ ಮನೆ ಬೇಕು ಅಂದೆ, ಸಂತೋಷಪಟ್ಟೆ. ಬಂದ ಮೇಲೆ ಈ ಮನೇಲಿ ಒಂದು ಲೋಟ ಒಳ್ಳೇ ಕಾಫಿ ಕುಡಿದಿಲ್ಲ ನಾವು. ಬಾಡಿಗೆ ಮನೇಲಿ ನಗ್ತಾ ಇದ್ವಿ ಕಣೇ!"

ಸಿಟ್ಟು ಮಾಡಲು ಇನ್ನು ಯಾರೂ ಉಳಿದಿರಲಿಲ್ಲ, ನನ್ನ ಹೊರತು. ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಚೆನ್ನಾಗಿ ಅತ್ತೆ. ಆಮೇಲೆ ಅಮ್ಮ ಬಿಸಿಬಿಸಿ ನೀರಿನಲ್ಲಿ ಸ್ನಾನ ಮಾಡಿದಳು.

* * *

ಮರುದಿನ ಸಂಜೆ ಮತ್ತೆ ಅವನ ಬಾಗಿಲಿಗೆ ಹೋದೆ.

"ನಿಮ್ಮ ದುಡ್ಡು ತಿಂಗಳು ತಿಂಗಳು ವಾಪಸ್ ಕೊಡ್ತೀನಿ. ಬೇಡ ಅಂದ್ರೆ ನಮ್ಮ ಮಾತುಕತೆ ಇಲ್ಲಿಗೆ ಮುಗೀತು."

"ಬೇಡ ಅನ್ನಲ್ಲ. ಕೊಡಿ." ಅವನು ಗಂಭೀರವಾಗಿ ತಲೆಯಾಡಿಸಿದ. "ಬಡ್ಡಿ?"

"ಬಡ್ಡೀನಾ?"

"ದಿನಾ ಸಂಜೆ ಒಂದು ಲೋಟ ಕಾಫಿ. ಗಟ್ಟಿ ಡಿಕಾಕ್ಷನ್. ನೀವೂ ಜೊತೇಲಿ ಕುಡೀಬೇಕು."

ಬ್ಯಾಂಕಿನ ಕಂತು ಹೇಗೂ ತಪ್ಪುವುದಿಲ್ಲ. ಅದರ ಮೇಲೆ ನಾನು ಹಟದಿಂದ ಹಾಕುತ್ತಿದ್ದ ದುಡ್ಡನ್ನು ನಿಲ್ಲಿಸಿದೆ. ಅದರಲ್ಲಿ ಒಂದಿಷ್ಟು ಇವನಿಗೆ, ಒಂದಿಷ್ಟು ಆಪತ್ತಿಗೆಂದು ಪಕ್ಕಕ್ಕೆ, ಒಂದಿಷ್ಟು ನಮ್ಮ ಊಟಕ್ಕೆ. ವರ್ಷದ ಕೊನೆಗೆ ಮಿಕ್ಕರೆ ಬ್ಯಾಂಕಿಗೆ. ಸಾಲ ಎಂಟು ವರ್ಷದಲ್ಲಿ ತೀರುವುದಿಲ್ಲ, ಇನ್ನೂ ನಾಲ್ಕೋ ಐದೋ ಹೆಚ್ಚು ಹಿಡಿಯುತ್ತದೆ. ಹಿಡಿಯಲಿ ಬಿಡಿ, ಸೀನುವಿಗೇನಂತೆ?

ಮುಂದಿನ ವಾರ ನಾಲ್ಕನೇ ಬ್ಲಾಕಿನಲ್ಲಿ ಹೊಸ ಕನ್ನಡಕ ಮಾಡಿಸಿಕೊಂಡೆ. ನನ್ನದೇ ದುಡ್ಡಿನಲ್ಲಿ. ಅವನು ಕೈಗಳೆರಡನ್ನೂ ಜೇಬಿನಲ್ಲಿಟ್ಟುಕೊಂಡು, "ನೋಡಿ, ಪರ್ಸ್ ಮುಟ್ಟಿಲ್ಲ," ಎಂದು ಪಕ್ಕದಲ್ಲಿ ನಿಂತಿದ್ದ.

ಕನ್ನಡಕ ಹಾಕಿಕೊಂಡು ಅವನತ್ತ ತಿರುಗಿದೆ. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ಹುಬ್ಬಿನ ಕೆಳಗೊಂದು ಪುಟ್ಟ ಮಚ್ಚೆ. ಕಂದು ಬಣ್ಣದ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು, ರೆಪ್ಪೆ ಬಡಿಯದೆ. ಇಷ್ಟು ದಿನ ದಿನಾ ಸಂಜೆ ಅವು ಹೀಗೇ ನೋಡುತ್ತಿದ್ದವೇನೋ. ನಾನು ಎಷ್ಟೊಂದು ಕಳೆದುಕೊಂಡಿದ್ದೆ!

"ಈಗ ಕಾಣಿಸ್ತಿದೆಯಾ?"

"ಹೂಂ."

"ಮತ್ತೆ ಇನ್ನೂ ಯಾಕೆ ನೋಡ್ತಿದೀರ?"

"ಸುಮ್ನಿರಿ ಸ್ವಲ್ಪ," ಎಂದೆ.

* * *

ಭಾನುವಾರ ಬೆಳಿಗ್ಗೆ ಅಟ್ಟದಿಂದ ಮಣೆ ಇಳಿಸಿದೆ. ಒಂದೇ ಒಂದು. ನಡುಮನೆಯಲ್ಲಿ ಇಂಡಕ್ಷನ್ ಒಲೆಯಿಟ್ಟು, ಹೊಸ ಪಾತ್ರೆಗೆ ಹಾಲು ಹುಯ್ದೆ. ಪುರೋಹಿತರನ್ನು ಕರೆಯಲಿಲ್ಲ, ನೆಂಟರನ್ನೂ ಕರೆಯಲಿಲ್ಲ. ಅಮ್ಮ ದೀಪ ಹಚ್ಚಿ, "ಕೂತ್ಕೋ ಮಗಳೇ," ಎಂದಳು. ನನ್ನ ಮನೆಯ ಮಣೆಯ ಮೇಲೆ ನಾನು ಕೂತೆ.

ಚೈತನ್ಯ ನೀಲಿ ಶರ್ಟು ಹಾಕಿಕೊಂಡು ಬಂದು ಬಾಗಿಲಲ್ಲೇ ನಿಂತ. "ನಾನೆಲ್ಲಿ ಕೂತ್ಕೊಳ್ಲಿ?"

"ನೆಲದ ಮೇಲೆ."

"ಒರೆಸಿದೀರಾ?"

"ನೀವೇ ಒರೆಸಿ. ಬಕೆಟ್ ಅಲ್ಲಿದೆ."

ಅಮ್ಮ "ಅಯ್ಯೋ, ಬೇಡಪ್ಪಾ," ಎನ್ನುವಷ್ಟರಲ್ಲಿ ಅವನು ಪ್ಯಾಂಟು ಮಡಚಿಯಾಗಿತ್ತು. ಮೂಲೆಯಿಂದ ಮೂಲೆಗೆ ಒರೆಸಿದ, ನೀರು ಚೆಲ್ಲದ ಹಾಗೆ. ಆಮೇಲೆ ನನ್ನ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ಹಾಲು ಏರುತ್ತಿತ್ತು. ಅವನು ಪಾತ್ರೆಯನ್ನೇ ನೋಡುತ್ತಾ ಕೇಳಿದ: "ಕೆಳಗಿನ ಮನೆ ಖಾಲಿ ಮಾಡ್ಲಾ?"

ಅಮ್ಮ ಥಟ್ಟನೆ ಎದ್ದು, ಅಡುಗೆಮನೆಯಲ್ಲಿ ಏನೋ ಕೆಲಸವಿದೆ ಎಂದು ಹೋದಳು.

"ಕರೆಂಟು, ಹಾಲು, ತರಕಾರಿ, ಎಲ್ಲಾದ್ರಲ್ಲೂ ಅರ್ಧ ನಿಮ್ದು," ಎಂದೆ. "ಸಾಲ ಮಾತ್ರ ನಂದು. ಅದಕ್ಕೆ ಕೈ ಹಾಕಿದ್ರೆ ನೋಡಿ."

"ಹಾಕಲ್ಲ."

"ಏನೇ ಮಾಡೋದಿದ್ರೂ ಮೊದ್ಲು ಕೇಳ್ಬೇಕು."

"ಈಗ ಕೇಳ್ತಾ ಇದೀನಲ್ಲ, ಪ್ರಕೃತಿ."

ಹಾಲು ಉಕ್ಕಿತು. ಸುತ್ತಲೂ ಬೆಳ್ಳಗೆ ಇಳಿದು, ಅವನು ಆಗಷ್ಟೇ ಒರೆಸಿದ ನೆಲದ ಮೇಲೆ ಹರಿಯಿತು. ನಾನು ಮಣೆಯಿಂದ ಏಳಲಿಲ್ಲ. ಸ್ವಲ್ಪ ಸರಿದು ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದೆ.