ಮುಚ್ಚಿದರೆ ಸುಡುವ ಪೆಟ್ಟಿಗೆ

ರೂಪ ಓಡಿಬಂದು ಪ್ಲಗ್ ಕೀಳುವಷ್ಟರಲ್ಲಿ ಸ್ಪೀಕರಿನ ಬಾಯಿಂದ ಹೊಗೆ ಎದ್ದಿತ್ತು. ಅವಳ ಬೇಸ್ ಗಿಟಾರ್ ಇನ್ನೂ ಚೀಲದಲ್ಲೇ ಇತ್ತು. ಒಂದು ತಂತಿಯನ್ನೂ ಮೀಟಿರಲಿಲ್ಲ. ಆಂಪ್ಲಿಫೈಯರಿನ ಬೆನ್ನು ಮುಟ್ಟಿ ನೋಡಿದಳು — ಕಾದ ಹಂಚಿನಂತೆ ಚುರ್ರೆಂದಿತು.

ಹನೂರಿನ ಮದುವೆ ಛತ್ರ. ಗಂಡು ಹೆಣ್ಣು ಇನ್ನೂ ವೇದಿಕೆ ಹತ್ತಿರಲಿಲ್ಲ. ಅವರಿಗಿಂತ ಮೊದಲು ಹತ್ತಿದವನು ಆರ್ಕೆಸ್ಟ್ರಾ ಮಾಲೀಕ ಮಲ್ಲಿಕಾರ್ಜುನಸ್ವಾಮಿ.

"ಇನ್ನೊಂದು ಸ್ಪೀಕರ್ ತಿಂದ್ಯಲ್ಲಮ್ಮಿ."

"ನಾನಿನ್ನೂ ನುಡಿಸೇ ಇಲ್ಲ ಸಾ."

"ಅಂಗಾರೆ ಅದಕ್ಕದೇ ಬೆಂಕಿ ಅಚ್ಕತಾ?"

ಕೀಬೋರ್ಡಿನ ಹಿಂದೆ ಅವನ ಅಕ್ಕನ ಮಗ ಮಾದಸ್ವಾಮಿ ಕಿಸಕ್ಕೆಂದ. "ಬುಡು ಮಾವ. ಬೇಸು ನಾನೇ ಎಡಗೈಲಿ ಒತ್ಕತೀನಿ."

ಮೈಕು ಆನ್ ಇತ್ತು. ಅದು ಗೊತ್ತಿದ್ದೇ ಮಾಲೀಕ ಅದರ ಮುಂದೆ ನಿಂತು ಹೇಳಿದ: "ಇವಳನ್ನ ಪ್ರೋಗ್ರಾಂಗೆ ಕರೆಯೋರು ಪಕ್ಕದಲ್ಲಿ ಒಂದು ಬಕೆಟ್ ನೀರು ಮಡಿಕಳಿ."

ನಗು ಊಟದ ಪಂಕ್ತಿಯವರೆಗೂ ಹೋಯಿತು. ಕೊಳ್ಳೇಗಾಲ, ಹನೂರು, ಯಳಂದೂರಿನ ಗ್ರೂಪುಗಳಲ್ಲಿ ಬೇಸ್ ನುಡಿಸುವ ಹೆಂಗಸು ಅವಳೊಬ್ಬಳೇ. ಈ ಮಾತು ಮೂರೂ ತಾಲ್ಲೂಕು ಸುತ್ತಿ ಬಂದರೆ ಆಮೇಲೆ ಅವಳನ್ನು ಕರೆಯುವವರು ಯಾರು?

ಮರುದಿನ ಅವಳು ಕೊಳ್ಳೇಗಾಲದಲ್ಲಿ ಶಂಕರನ ರಿಪೇರಿ ಅಂಗಡಿಗೆ ಬಂದಾಗ ಆಂಪ್ಲಿಫೈಯರ್ ಮುಚ್ಚಳ ಕಳಚಿಕೊಂಡು ಮೇಜಿನ ಮೇಲಿತ್ತು. ಕರೆಂಟು ಕೊಟ್ಟಿತ್ತು. ಮಾವ ಅಳಿಯ ಇಬ್ಬರೂ ಆಗಲೇ ಶಂಕರನ ಮೇಲೆ ಜಗಳಕ್ಕೆ ನಿಂತಿದ್ದರು.

"ಡೂಪ್ಲಿಕೇಟ್ ಟ್ರಾನ್ಸಿಸ್ಟರ್ ಆಕಿ ನನ್ ತಲೆ ಮೇಲೆ ಕೈ ಎಳೀತಾ ಇದ್ದೀಯ ಕಣ್ಲಾ. ಇಲ್ಲ ನೀನು, ಇಲ್ಲ ಇವಳು. ಇಬ್ರಲ್ಲಿ ಒಬ್ರು," ಎಂದ ಮಾಲೀಕ.

"ಮುಟ್ಟಿ ನೋಡ್ಕಳಿ," ಎಂದ ಶಂಕರ. "ಬೆಳಿಗ್ಗೆಯಿಂದ ಓಡ್ತಾ ಅದೆ. ತಣ್ಣಗದೆ. ನನ್ ಕೆಲ್ಸದಲ್ಲಿ ಕೊಂಕಿಲ್ಲ. ಬ್ಯಾರೆಯೋರು ಬಿಚ್ಚಿದ್ರೆ ಜವಾಬ್ದಾರಿ ನಂದಲ್ಲ ಅಂತ ಮೊದ್ಲೇ ಏಳಿದ್ದೆ."

"ಯಾವನ್ಲಾ ಬಿಚ್ಚಿರೋನು? ನಾನಂತೂ ಒಂದು ಸ್ಕ್ರೂ ಮುಟ್ಟಿಲ್ಲ."

"ಅಂಗಾರೆ ಇವಳ್ನ ಕೇಳಿ."

ರೂಪ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. "ಶಂಕ್ರಣ್ಣ, ಪ್ರತಿ ಸಲ ಇಂಗೇ ಬಿಚ್ಕಂಡೇ ನೋಡಿದ್ಯಾ?"

"ಬಿಚ್ದೆ ಇನ್ನೆಂಗೆ ನೋಡದು? ಮೂಸಿ ನೋಡ್ಲಾ?"

"ಮುಚ್ಚಿ ನೋಡಿದ್ಯಾ?"

"ತಗಡು ಕಣವ್ವ ಅದು. ಮುಚ್ಚಿದ್ರೆಷ್ಟು, ಬುಟ್ರೆಷ್ಟು?"

ಅವಳೇ ಮುಚ್ಚಳವಿಟ್ಟು ಸ್ಕ್ರೂಗಳನ್ನು ಬಿಗಿದಳು. ಗೋಡೆಯ ಗೂಡಿನಲ್ಲಿ ಶಂಕರನ ಹಳೆಯ ರೇಡಿಯೊ ರೇಷ್ಮೆಗೂಡಿನ ಧಾರಣೆ ಓದುತ್ತಿತ್ತು. ಓದುತ್ತಿದ್ದದ್ದು ಇದ್ದಕ್ಕಿದ್ದಂತೆ ಬರ್ ಎಂದು ಅರಚಿತು.

"ಆರ್ಸಲಾ ಅದ," ಎಂದ ಮಾಲೀಕ.

"ಮುಟ್ಬೇಡಿ."

ಸ್ಕ್ರೂ ಬಿಚ್ಚಿದಳು, ಮುಚ್ಚಳ ಎತ್ತಿದಳು. ಧಾರಣೆ ಸ್ಪಷ್ಟವಾಗಿ ಕೇಳಿತು. ಮತ್ತೆ ಮುಚ್ಚಿ ಬಿಗಿದಳು. ಮತ್ತೆ ಅದೇ ಅರಚಾಟ. ಗಿಟಾರ್ ಗೋಡೆಗೊರಗಿತ್ತು, ಪೆಟ್ಟಿಗೆಗೆ ಅದರ ವೈರು ಸಿಕ್ಕಿಸಿಯೇ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಶಂಕರ ಪೆಟ್ಟಿಗೆಯ ಬೆನ್ನಿಗೆ ಕೈಯಿಟ್ಟ. ಇಟ್ಟ ಕೈಯನ್ನು ತಕ್ಷಣ ಕಿತ್ತುಕೊಂಡ.

"ಈ ಪೆಟ್ಟಿಗೆ ಒಳಗೊಳಗೇ ಕೂಗ್ತಾ ಅದೆ," ಎಂದಳು ರೂಪ. "ಸ್ಪೀಕರ್ ಮುಂದೆ ಮೈಕ್ ಇಡುದ್ರೆ ಕುಂಯ್ ಅನ್ನಲ್ವಾ? ಅಂಗೆ. ಆಚೆ ಓಗಬೇಕಾದ್ದು ಸೋರಿ ಮತ್ತೆ ಒಳಕ್ಕೇ ಬತ್ತಾ ಅದೆ. ನಮ್ ಕಿವಿಗೆ ಕೇಳಲ್ಲ, ರೇಡಿಯೋಗೆ ಕೇಳ್ತದೆ. ಬೆನ್ನು ಕಾಯೋದು, ಸ್ಪೀಕರ್ ಸುಡೋದು, ಎಲ್ಲಾ ಇದ್ರಿಂದ್ಲೇ."

"ಈ ಮುಚ್ಚಳ ಮೊದ್ಲಿಂದ್ಲೂ ಇರೋದೇ ಅಲ್ವಾ?" ಶಂಕರನ ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

ರೂಪ ಮಾದಸ್ವಾಮಿಯ ಕಡೆ ತಿರುಗಿದಳು. "ಕೊನೇಸಲ ಇದು ಸರಿಯಾಗಿ ನುಡಿದಿದ್ದು ಎಲ್ಲಿ?"

"ಹೊನ್ನೂರಲ್ಲಿ. ಗಣೇಶನ ಪ್ರೋಗ್ರಾಂನಲ್ಲಿ."

"ಆಮೇಲೆ ಏನಾಯ್ತು?"

"ಏನಾಯ್ತದೆ? ಆಯುಧಪೂಜೆ..." ಅವನು ಅಲ್ಲಿಗೇ ನಿಲ್ಲಿಸಿ ಮಾವನ ಮುಖ ನೋಡಿದ.

ಆಯುಧಪೂಜೆಗೆಂದು ಆರ್ಕೆಸ್ಟ್ರಾದ ಪೆಟ್ಟಿಗೆಗಳೆಲ್ಲ ಕೆಂಪಾಗಿದ್ದವು. ಎಲ್ಲರೂ ನೋಡಿದ್ದರು, ಮಿರಮಿರ ಅಂತದೆ ಎಂದು ಹೊಗಳಿದ್ದರು. ಆಮೇಲೆ ಆ ಬಣ್ಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕರೆಂಟು ತೆಗೆದು, ಮುಚ್ಚಳ ಬಿಚ್ಚಿ, ರೂಪ ಅದನ್ನು ಬೆಳಕಿಗೆ ತಿರುಗಿಸಿ ಹಿಡಿದಳು. ಒಳಗಂಚು ಕೆಂಪು. ಅದು ಕೂರುವ ಪೆಟ್ಟಿಗೆಯ ತುಟಿಯೂ ಕೆಂಪು. ಸ್ಕ್ರೂ ತೂತಿನೊಳಗೆ ಇಳಿದು ಒಣಗಿದ ಒಂದು ಹನಿ.

"ಸ್ಕ್ರೂ ಮುಟ್ಟಿಲ್ಲ ಅಂದ್ರಿ. ಬಿಚ್ದೆ ಒಳಗಂಚಿಗೆ ಬಣ್ಣ ಎಂಗೆ ಬಂತು ಸಾ?"



"ಮಾವನೇ ಬಳುದ್ದು," ಎಂದ ಮಾದಸ್ವಾಮಿ. "ಕೇಳುದ್ರೂ ಬ್ರಶ್ ಕೊಡ್ಲಿಲ್ಲ."

"ಬಾಯ್ ಮುಚ್ಲಾ."

ರೂಪ ಸ್ಕ್ರೂಡ್ರೈವರ್ ತೆಗೆದುಕೊಂಡು ಅಂಚನ್ನು ಕೆರೆಯತೊಡಗಿದಳು. "ಲೇ, ಬಣ್ಣ ಆಳ್ಮಾಡಬ್ಯಾಡ," ಎಂದು ಮಾಲೀಕ ಕೈ ಚಾಚಿದ. ಶಂಕರ ನಡುವೆ ನಿಂತ. ತಗಡು ಬೆಳ್ಳಗೆ ಹೊಳೆಯುವವರೆಗೂ ಕೆರೆದಳು. ತೂತುಗಳನ್ನೂ ಬಿಡಲಿಲ್ಲ. ಮುಚ್ಚಿ, ಬಿಗಿದು, ಕರೆಂಟು ಕೊಟ್ಟಳು.

ರೇಡಿಯೊ ಧಾರಣೆ ಮುಗಿಸಿ ಹಾಡಿಗೆ ಹೋಗಿತ್ತು. ಹಾಡು ಕೆಡಲಿಲ್ಲ. ಪೆಟ್ಟಿಗೆಯ ಬೆನ್ನು ತಣ್ಣಗೇ ಉಳಿಯಿತು.

"ಮುಚ್ಚಳದ ತಗಡು ಪೆಟ್ಟಿಗೆ ತಗಡಿಗೆ ತಾಗಿದ್ರೆ ಅರ್ಥಿಂಗ್ ಆಯ್ತದೆ, ಸೋರೋದ ತಡೀತದೆ. ಮಧ್ಯೆ ಬಣ್ಣ ಕೂತ್ರೆ? ಅರ್ಥಿಂಗ್ ಇಲ್ದಿರೋ ಮುಚ್ಚಳವೇ ಆಚೆದ್ನ ಒಳಕ್ಕೆ ದಾಟುಸ್ತದೆ. ಶಂಕ್ರಣ್ಣ ಬಿಚ್ಚೇ ನೋಡ್ದ, ಅವನಿಗೆ ಸಿಗ್ಲಿಲ್ಲ. ನಾವು ಮುಚ್ಚೇ ನುಡಿಸಿದ್ವಿ, ಸುಡ್ತು." ಅವಳು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟಳು. "ಸ್ಪೀಕರ್ ಸುಟ್ಟೋರು ನೀವು ಸಾ. ಬಿಚ್ಚಿದ್ದು ನಿಜ ಅಂದಿದ್ರೆ ಮೊದಲ್ನೇ ದಿನವೇ ಗೊತ್ತಾಗ್ತಿತ್ತು."

ಮಲ್ಲಿಕಾರ್ಜುನಸ್ವಾಮಿ ಬಾಗಿಲಿನವರೆಗೆ ಹೋದ. ರಸ್ತೆ ನೋಡಿದ. ತಿರುಗಿ ಬಂದಾಗ ಮುಖದಲ್ಲಿ ನಗು ತಂದುಕೊಂಡಿದ್ದ.

"ಆಯ್ತು ಬುಡಮ್ಮಿ. ನಾಳೆ ಯಳಂದೂರಲ್ಲಿ ಆರತಕ್ಷತೆ ಅದೆ, ಬಾ. ಅದೇ ಮೈಕಲ್ಲಿ ಏಳ್ತೀನಿ, ನಿನ್ ತಪ್ಪೇನಿಲ್ಲ ಅಂತ. ಶಂಕ್ರ ಡೂಪ್ಲಿಕೇಟ್ ಆಕಿದ್ದ ಅಂದ್ರಾಯ್ತು. ಜನಕ್ಕೆ ಯಾರ್ದಾರ ಎಸ್ರು ಬೇಕಲ್ಲ."

ಶಂಕರ ಅವನನ್ನು ನೋಡಲಿಲ್ಲ. ರೂಪಳನ್ನು ನೋಡಿದ.

ರೂಪ ಗಿಟಾರನ್ನು ಹೆಗಲಿಗೆ ಏರಿಸಿದಳು.

"ಈ ಸೀಸನ್ ಪೂರ್ತಿ ಬೇಸು ನಿಂದೇ ಕಣಮ್ಮಿ," ಎಂದ ಮಾಲೀಕ, ಅಳಿಯನ ಕಡೆ ಕೈ ತೋರಿಸಿ. "ಇವನು ಎಡಗೈ ಎತ್ತಲ್ಲ."

"ನಾನು ಬರಕಿಲ್ಲ."